ಲಾಡ್ಜಿನ ಬಾಗಿಲು

ನಮಗೆ ಲಾಡ್ಜ್ ಎಂದರೆ ಬಸ್‌ಸ್ಟ್ಯಾಂಡಿನ ಎದುರಿನ ಕಟ್ಟಡ, ರಾತ್ರಿ ಬಸ್ಸು ತಪ್ಪಿದವರು ರೂಮು ಹಿಡಿಯುವ ಜಾಗ. ಅಮೆರಿಕದ ಸಣ್ಣ ಊರುಗಳಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವಿತ್ತು. ಅಲ್ಲಿ ಲಾಡ್ಜ್ ಎಂದರೆ ಊರಿನ ಗಂಡಸರು ಸೇರಿ ನಡೆಸುತ್ತಿದ್ದ ಸೋದರ ಸಂಘದ ಸ್ಥಳೀಯ ಶಾಖೆ. ಮುಖ್ಯ ಬೀದಿಯಲ್ಲಿ ಎರಡು ಮೂರು ಅಂತಸ್ತಿನ ಇಟ್ಟಿಗೆ ಕಟ್ಟಡ, ಕೆಳಗೆ ಬಾಡಿಗೆಗೆ ಬಿಟ್ಟ ಅಂಗಡಿ, ಮೇಲೆ ಸಂಘದ ಸಭಾಂಗಣ. ಮೇಸನ್ನರು, ಆಡ್ ಫೆಲೋಸ್, ನೈಟ್ಸ್ ಆಫ್ ಪಿಥಿಯಸ್, ಎಲ್ಕ್ಸ್, ಮೂಸ್, ಈಗಲ್ಸ್ ಎಂದೆಲ್ಲ ಹೆಸರುಗಳು. ಒಳಗೆ ಸೇರುವವನಿಗೆ ಗುಟ್ಟಿನ ದೀಕ್ಷೆ, ಒಬ್ಬರನ್ನೊಬ್ಬರು ಗುರುತಿಸಲು ಒಂದು ಬಗೆಯ ಕೈಕುಲುಕು, ಉದ್ದುದ್ದದ ಬಿರುದುಗಳು, ಜೊತೆಗೊಂದು ಟೊಪ್ಪಿಗೆ.

ಆ ಟೊಪ್ಪಿಗೆಯನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಶಾಲೆ ಮುಗಿಸಿ ಬಂದು ಕಾರ್ಟೂನ್ ನೆಟ್‌ವರ್ಕ್ ಹಾಕಿ ಕೂರುತ್ತಿದ್ದ ತಲೆಮಾರಿಗೆ ಫ್ರೆಡ್ ಫ್ಲಿಂಟ್‌ಸ್ಟೋನ್ ಮತ್ತು ಬಾರ್ನಿ ಕೊಂಬಿನ ಟೊಪ್ಪಿಗೆ ಹಾಕಿಕೊಂಡು 'ವಾಟರ್ ಬಫಲೋಸ್' ಸಂಘದ ಸಭೆಗೆ ಓಡುತ್ತಿದ್ದದ್ದು ನೆನಪಿರಬೇಕು. ಕಲ್ಲಿನ ಯುಗದವರಿಗೇಕೆ ಎಮ್ಮೆ ಸಂಘ ಎಂದು ಆಗ ನಾವು ಕೇಳಲಿಲ್ಲ. 1960ರಿಂದ 1966ರವರೆಗೆ ಅಮೆರಿಕದಲ್ಲಿ ಅದನ್ನು ಮೊದಲ ಬಾರಿಗೆ ನೋಡಿದವರು ಕೇಳುವ ಅಗತ್ಯವೂ ಇರಲಿಲ್ಲ. ಅವರ ಅಪ್ಪನೋ ಮಾವನೋ ಪಕ್ಕದ ಮನೆಯವನೋ ಅಂಥದೊಂದು ಸಂಘದಲ್ಲಿದ್ದ. ಅದಕ್ಕೂ ಮೊದಲು, 1955ರಲ್ಲಿ ಶುರುವಾದ 'ದಿ ಹನಿಮೂನರ್ಸ್' ಧಾರಾವಾಹಿಯಲ್ಲಿ ಬಸ್ ಡ್ರೈವರ್ ರಾಲ್ಫ್ ಮತ್ತು ಚರಂಡಿ ಕೆಲಸದ ನಾರ್ಟನ್ 'ರಕೂನ್ ಲಾಡ್ಜ್' ಸದಸ್ಯರಾಗಿ ನಾಡನ್ನೆಲ್ಲ ನಗಿಸಿದ್ದರು.

ಈ ಸಂಘಗಳ ಬಗ್ಗೆ ಅಮೆರಿಕನ್ನರು ಬರೆದದ್ದನ್ನು, ತೋರಿಸಿದ್ದನ್ನು ಒಟ್ಟಿಗಿಟ್ಟು ನೋಡಿದರೆ ಎರಡು ದನಿಗಳು ಕೇಳುತ್ತವೆ. ಮೊದಲನೆಯದು ನಗೆ. ಎರಡನೆಯದು, ಸಂಘಗಳು ಖಾಲಿಯಾಗತೊಡಗಿದ ಮೇಲೆ ಹುಟ್ಟಿದ ಶೋಕ. ಎರಡರಲ್ಲೂ ಸತ್ಯವಿದೆ. ಆದರೆ ನಕ್ಕವರು ಟೊಪ್ಪಿಗೆಯನ್ನು ನೋಡಿದರು, ಅತ್ತವರು ಸದಸ್ಯರ ಪಟ್ಟಿಯನ್ನು ನೋಡಿದರು. ಬಾಗಿಲನ್ನು ಇಬ್ಬರೂ ಸರಿಯಾಗಿ ನೋಡಲಿಲ್ಲ ಎಂಬುದು ನನ್ನ ತಕರಾರು.

ನಗೆಯಿಂದಲೇ ಶುರುಮಾಡೋಣ. ಅದರ ಮೂಲಪುರುಷ ಸಿಂಕ್ಲೇರ್ ಲೂಯಿಸ್. ಮಿನ್ನೆಸೋಟದ ಸಾಕ್ ಸೆಂಟರ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, ಅಂಥ ಊರುಗಳ ಜೀವನವನ್ನೇ ಗೇಲಿಮಾಡಿ, 1930ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಮೊದಲ ಅಮೆರಿಕನ್ನರಾದವರು. ಅವರ 'ಬ್ಯಾಬಿಟ್' ಕಾದಂಬರಿ ಬಂದದ್ದು 1922ರಲ್ಲಿ. ಕತೆ ನಡೆಯುವ ಜೆನಿತ್ ಸಾಕಷ್ಟು ದೊಡ್ಡ ನಗರವೇ, ಆದರೂ ಅಲ್ಲಿನ ಮನಸ್ಸುಗಳು ಸಣ್ಣ ಊರಿನವು. ಮನೆ ನಿವೇಶನ ಮಾರುವ ಜಾರ್ಜ್ ಬ್ಯಾಬಿಟ್‌ನ ಗಡಿಯಾರದ ಸರಪಳಿಯಲ್ಲಿ ಒಂದು ಕಡವೆಯ ಹಲ್ಲು ತೂಗುತ್ತದೆ, ಅದು ಅವನು ಎಲ್ಕ್ಸ್ ಸದಸ್ಯ ಎಂಬುದರ ಗುರುತು. ಕೋಟಿನ ಮೇಲೆ ಬೂಸ್ಟರ್ಸ್ ಕ್ಲಬ್ಬಿನ ಬಿಲ್ಲೆ. ತನ್ನದೆಂದು ಹೇಳಿಕೊಳ್ಳುವ ಒಂದು ಅಭಿಪ್ರಾಯವೂ ಅವನಿಗಿಲ್ಲ, ಎಲ್ಲವೂ ಸಂಘದಿಂದ ಬಂದವು. ನಡುವಯಸ್ಸಿನಲ್ಲಿ ಅವನಿಗೆ ಇದೆಲ್ಲ ಸಾಕೆನಿಸುತ್ತದೆ. ಮುಷ್ಕರ ಹೂಡಿದ ಕೆಲಸಗಾರರ ಪರವಾಗಿ ಎರಡು ಮಾತಾಡುತ್ತಾನೆ, ಊರಿನ ದೊಡ್ಡವರು ಕಟ್ಟಿದ ಗುಡ್ ಸಿಟಿಜನ್ಸ್ ಲೀಗಿಗೆ ಸೇರುವುದಿಲ್ಲ ಎನ್ನುತ್ತಾನೆ. ಗೆಳೆಯರು ಮಾತು ಬಿಡುತ್ತಾರೆ. ವ್ಯವಹಾರ ಕೈತಪ್ಪುತ್ತದೆ.

ಕಾದಂಬರಿಯ ಕೊನೆಯ ಭಾಗದಲ್ಲಿ ಅವನ ಹೆಂಡತಿಗೆ ಅಪೆಂಡಿಕ್ಸ್ ಆಗಿ ಆಪರೇಷನ್ ಮಾಡಬೇಕಾಗುತ್ತದೆ. ಆಗ ಅದೇ ಗೆಳೆಯರು ಮತ್ತೆ ಬರುತ್ತಾರೆ, ವಿಚಾರಿಸಿಕೊಳ್ಳುತ್ತಾರೆ. ಬ್ಯಾಬಿಟ್ ಕರಗಿ ಹೋಗಿ ಲೀಗಿಗೆ ಸೇರಿಬಿಡುತ್ತಾನೆ. ಲೂಯಿಸ್ ಇದನ್ನು ಸೋಲು ಎಂದೇ ಬರೆದಿದ್ದಾರೆ, ಸೋಲು ಹೌದು. ಆದರೆ ಓದುವವರಿಗೆ ಅಲ್ಲೊಂದು ತೊಡಕು ಉಳಿಯುತ್ತದೆ. ಆ ಗೆಳೆಯರ ಕಾಳಜಿ ನಾಟಕವಲ್ಲ. ಕತ್ತು ಹಿಸುಕಿದ ಕೈಯೇ ಆಸ್ಪತ್ರೆಯ ಹೊತ್ತಿನಲ್ಲಿ ಹೆಗಲ ಮೇಲೂ ಬಂತು. ಇದು ಹೇಗೆ ಸಾಧ್ಯ ಎಂಬ ಪ್ರಶ್ನೆಯನ್ನು ಲೂಯಿಸ್ ಅಲ್ಲಿಯೇ ಬಿಟ್ಟು ಮುಂದೆ ಹೋಗುತ್ತಾರೆ. ವ್ಯಂಗ್ಯಕ್ಕೆ ಆ ಪ್ರಶ್ನೆ ಬೇಕಿರಲಿಲ್ಲ. ಅವರ ನಂತರ ನಕ್ಕವರಂತೂ ಅಷ್ಟು ದೂರವೂ ಹೋಗಲಿಲ್ಲ. ರಾಲ್ಫ್‌ನ ಲಾಡ್ಜು ಹೆಂಡತಿಯಿಂದ ತಪ್ಪಿಸಿಕೊಳ್ಳುವ ಜಾಗವಾಯಿತು, ಫ್ರೆಡ್‌ನದೂ ಅಷ್ಟೇ.

ಆ ಪ್ರಶ್ನೆಗೆ ಉತ್ತರ ಸಿಗುವುದು ಕಾದಂಬರಿಯಲ್ಲಲ್ಲ, ಲೆಕ್ಕದ ಪುಸ್ತಕಗಳಲ್ಲಿ. ಇತಿಹಾಸಕಾರ ಡೇವಿಡ್ ಬೀಟೊ 2000ದಲ್ಲಿ ಪ್ರಕಟಿಸಿದ 'ಫ್ರಂ ಮ್ಯೂಚುಯಲ್ ಏಡ್ ಟು ದಿ ವೆಲ್‌ಫೇರ್ ಸ್ಟೇಟ್' ಕೃತಿಯನ್ನು ಓದಿದ ಮೇಲೆ ಟೊಪ್ಪಿಗೆ ಅಷ್ಟು ತಮಾಷೆಯಾಗಿ ಕಾಣುವುದಿಲ್ಲ. ಇಪ್ಪತ್ತನೆಯ ಶತಮಾನದ ಶುರುವಿನಲ್ಲಿ ಅಮೆರಿಕದ ಕೂಲಿಯವನಿಗೆ ಸರ್ಕಾರದ ಪಿಂಚಣಿ ಇರಲಿಲ್ಲ, ಕಂಪನಿಯ ಆರೋಗ್ಯ ವಿಮೆ ಇರಲಿಲ್ಲ. ಅವನು ಏಣಿಯಿಂದ ಬಿದ್ದರೆ ಸಂಸಾರವೂ ಬೀಳುತ್ತಿತ್ತು. ಲಾಡ್ಜ್ ಇದ್ದದ್ದು ಅದಕ್ಕೆ. 1868ರಲ್ಲಿ ಪೆನ್ಸಿಲ್ವೇನಿಯದ ಮೀಡ್‌ವಿಲ್ ಎಂಬ ಊರಿನಲ್ಲಿ ಶುರುವಾದ ಏನ್ಷಿಯಂಟ್ ಆರ್ಡರ್ ಆಫ್ ಯುನೈಟೆಡ್ ವರ್ಕ್‌ಮೆನ್ ಒಂದು ಸರಳ ಉಪಾಯ ಹುಡುಕಿತು. ಸದಸ್ಯನೊಬ್ಬ ಸತ್ತರೆ ಉಳಿದವರು ತಲೆಗೊಂದು ಡಾಲರ್ ಹಾಕಿ ಅವನ ಹೆಂಡತಿ ಮಕ್ಕಳಿಗೆ ಕೊಡುವುದು. ಬೇರೆ ಸಂಘಗಳೂ ಇದನ್ನು ಹಿಡಿದವು. ಕೆಲವು ಶಾಖೆಗಳು ತಮ್ಮದೇ ವೈದ್ಯರನ್ನು ಗೊತ್ತುಮಾಡಿಕೊಂಡವು. ಒಬ್ಬ ಸದಸ್ಯನಿಗೆ ವರ್ಷಕ್ಕೆ ಸುಮಾರು ಎರಡು ಡಾಲರ್, ಅಂದರೆ ಹೆಚ್ಚುಕಡಿಮೆ ಒಂದು ದಿನದ ಕೂಲಿ. ಅಷ್ಟಕ್ಕೆ ವರ್ಷವಿಡೀ ವೈದ್ಯ ಸಿಗುತ್ತಿದ್ದ. ವೈದ್ಯರ ಸಂಘಗಳು ಈ ಪದ್ಧತಿಯ ಮೇಲೆ ಮುರಿದುಕೊಂಡು ಬಿದ್ದದ್ದು ಆಶ್ಚರ್ಯವಲ್ಲ. ಮೂಸ್ ಸಂಘ 1913ರಲ್ಲಿ ಇಲಿನಾಯ್‌ನಲ್ಲಿ ತೀರಿಹೋದ ಸದಸ್ಯರ ಮಕ್ಕಳಿಗೆಂದು ಮೂಸ್‌ಹಾರ್ಟ್ ಎಂಬ ಊರನ್ನೇ ಕಟ್ಟಿತು. 1920ರ ಸುಮಾರಿಗೆ ವಯಸ್ಕ ಗಂಡಸರಲ್ಲಿ ಮೂವರಲ್ಲಿ ಒಬ್ಬ ಇಂಥ ಯಾವುದಾದರೂ ಸಂಘದಲ್ಲಿದ್ದ ಎಂಬುದು ಅಂದಾಜು.

ಈ ವ್ಯವಸ್ಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ಸಂಗತಿಯಿದೆ. ಕಾಯಿಲೆ ಬಿದ್ದ ಸದಸ್ಯನ ಮನೆಗೆ ಲಾಡ್ಜಿನವರು ಸರದಿಯ ಮೇಲೆ ಹೋಗಬೇಕಿತ್ತು. ಹೋದವರು ಹಾಸಿಗೆಯ ಪಕ್ಕ ಕೂತು ಮಾತಾಡುತ್ತಿದ್ದರು, ಸಹಾಯಧನ ತಲುಪಿಸುತ್ತಿದ್ದರು. ಹಾಗೆಯೇ, ಇವನಿಗೆ ನಿಜವಾಗಿ ಕಾಯಿಲೆಯೋ, ಸುಮ್ಮನೆ ಮಲಗಿ ದುಡ್ಡು ತಿನ್ನುತ್ತಿದ್ದಾನೋ ಎಂದೂ ನೋಡಿಕೊಂಡು ಬರುತ್ತಿದ್ದರು. ಕರುಣೆಯೂ ತಪಾಸಣೆಯೂ ಒಂದೇ ಭೇಟಿಯಲ್ಲಿ ಮುಗಿಯುತ್ತಿತ್ತು. ಬ್ಯಾಬಿಟ್‌ನ ಗೆಳೆಯರು ಆ ದಿನ ಯಾಕೆ ಬಂದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ಬೇಕಿಲ್ಲ.

ಶತಮಾನದ ನಡುಭಾಗಕ್ಕೆ ಬರುವ ಹೊತ್ತಿಗೆ ಚಿತ್ರ ಬದಲಾಗಿತ್ತು. 1935ರ ಸೋಷಿಯಲ್ ಸೆಕ್ಯೂರಿಟಿ ಕಾಯ್ದೆ ಮುಪ್ಪಿನ ಚಿಂತೆಯನ್ನು ಸರ್ಕಾರದ ಕಡೆಗೆ ದಾಟಿಸಿತು, ಎರಡನೆಯ ಮಹಾಯುದ್ಧದ ನಂತರ ಆರೋಗ್ಯ ವಿಮೆ ಕೆಲಸ ಕೊಟ್ಟ ಕಂಪನಿಯ ಜೊತೆ ಬರತೊಡಗಿತು. ಲಾಡ್ಜಿನ ಹಳೆಯ ಕೆಲಸ ಕೈಬಿಟ್ಟು ಹೋಗುತ್ತಿತ್ತು. ಆದರೂ ಜನ ಕಡಿಮೆಯಾಗಲಿಲ್ಲ. ಮೇಸನ್ನರ ಸಂಖ್ಯೆ 41 ಲಕ್ಷಕ್ಕೆ ಏರಿ ಶಿಖರ ಮುಟ್ಟಿದ್ದು 1959ರಲ್ಲಿ. ಆ ಕಾಲದ ಲಾಡ್ಜ್ ಎಂದರೆ ಶುಕ್ರವಾರದ ಮೀನೂಟ, ಬಿಂಗೊ ಆಟ, ಮಕ್ಕಳ ಬೇಸ್‌ಬಾಲ್ ತಂಡಕ್ಕೆ ಅಂಗಿ ಕೊಡಿಸುವುದು, ಸ್ವಾತಂತ್ರ್ಯ ದಿನದ ಮೆರವಣಿಗೆ, ಸದಸ್ಯರಿಗಷ್ಟೇ ತೆರೆದ ಬಾರು. ಊರಿನ ಬ್ಯಾಂಕ್ ಮ್ಯಾನೇಜರು ಯಾರಿಗೆ ಸಾಲ ಕೊಡಬೇಕು, ಗ್ಯಾರೇಜಿಗೆ ಯಾರ ಮಗನನ್ನು ತೆಗೆದುಕೊಳ್ಳಬೇಕು ಎಂಬ ಮಾತು ಮುಗಿಯುತ್ತಿದ್ದದ್ದು ಹೆಚ್ಚಾಗಿ ಆ ಬಾರಿನಲ್ಲಿ.

ಶೋಕದ ಪುಸ್ತಕಗಳು ಹಿಂತಿರುಗಿ ನೋಡುವುದು ಈ ಕಾಲವನ್ನೇ. ಅವುಗಳಲ್ಲಿ ಹೆಚ್ಚು ಹೆಸರಾದದ್ದು ರಾಬರ್ಟ್ ಪಟ್ನಮ್ ಅವರ 'ಬೌಲಿಂಗ್ ಅಲೋನ್'. 1995ರಲ್ಲಿ ಲೇಖನವಾಗಿ, 2000ದಲ್ಲಿ ದಪ್ಪ ಪುಸ್ತಕವಾಗಿ ಬಂತು. ಅದರ ಒಂದು ಅಂಕಿಯನ್ನು ಎಲ್ಲರೂ ಉದ್ಧರಿಸುತ್ತಾರೆ: 1980ರಿಂದ 1993ರ ನಡುವೆ ಅಮೆರಿಕದಲ್ಲಿ ಬೌಲಿಂಗ್ ಆಡುವವರ ಸಂಖ್ಯೆ ಶೇ. 10ರಷ್ಟು ಏರಿತು, ಆದರೆ ತಂಡ ಕಟ್ಟಿಕೊಂಡು ಲೀಗಿನಲ್ಲಿ ಆಡುವುದು ಶೇ. 40ರಷ್ಟು ಇಳಿಯಿತು. ಜನ ಆಡುತ್ತಿದ್ದಾರೆ, ಒಟ್ಟಿಗೆ ಆಡುತ್ತಿಲ್ಲ. ಲಾಡ್ಜು, ಶಾಲೆಯ ಪೋಷಕರ ಸಂಘ, ಇಸ್ಪೀಟಿನ ಕೂಟ, ಯಾವುದನ್ನು ನೋಡಿದರೂ ಅರವತ್ತರ ದಶಕದ ನಂತರ ಗೆರೆ ಕೆಳಮುಖವಾಗಿದೆ ಎಂದು ಅಧ್ಯಾಯದ ಮೇಲೆ ಅಧ್ಯಾಯ ತೋರಿಸುತ್ತಾರೆ ಪಟ್ನಮ್. ಟೆಲಿವಿಷನ್, ಉಪನಗರ, ಸಮಯದ ಅಭಾವ, ಎಲ್ಲಕ್ಕಿಂತ ಹೆಚ್ಚಾಗಿ ತಲೆಮಾರು ಬದಲಾದದ್ದು, ಇವು ಅವರು ಕೊಡುವ ಕಾರಣಗಳು.

ಊರು ಬಿಟ್ಟು ಬಂದವರಿಗೆ ಈ ಪುಸ್ತಕ ಬೇಗ ಹಿಡಿಸುತ್ತದೆ. ಆಸ್ಪತ್ರೆಯ ಫಾರಂನಲ್ಲಿ 'ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದವರು' ಎಂಬ ಕಾಲಂ ಬಂದಾಗ ಪೆನ್ನು ನಿಂತ ಅನುಭವ ನನಗಾಗಿದೆ. ಅಣ್ಣನ ನಂಬರ್ ಬರೆಯಬಹುದು, ಅವನು ಎಂಟುನೂರು ಕಿಲೋಮೀಟರ್ ದೂರದಲ್ಲಿದ್ದಾನೆ. ಕೊನೆಗೆ ಆಫೀಸಿನ ಸಹೋದ್ಯೋಗಿಯ ಹೆಸರು ಬರೆದೆ, ಅವನ ಮನೆ ಎಲ್ಲಿದೆ ಎಂದೂ ನನಗೆ ಗೊತ್ತಿರಲಿಲ್ಲ. ಅದೇ ವಾರ 'ಬೌಲಿಂಗ್ ಅಲೋನ್' ಓದುತ್ತಿದ್ದೆ. ಸರದಿಯ ಮೇಲೆ ಹಾಸಿಗೆಯ ಪಕ್ಕ ಬಂದು ಕೂರುವ ಸೋದರರು ಬೇಕೆನಿಸಿತು. ಹಾಗೆನಿಸಿದ್ದರಿಂದಲೇ ಈ ಪುಸ್ತಕವನ್ನು ಸ್ವಲ್ಪ ಅನುಮಾನದಿಂದ ಓದಬೇಕು ಎಂದೂ ಅನಿಸಿತು.

ಸಂಘಗಳ ಹೊರಗಿಡುವಿಕೆ ಪಟ್ನಮ್‌ಗೆ ಗೊತ್ತಿಲ್ಲವೆಂದಲ್ಲ. 'ಸಾಮಾಜಿಕ ಬಂಡವಾಳದ ಕರಾಳ ಮುಖ' ಎಂಬರ್ಥದ ಒಂದು ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟಿದ್ದಾರೆ. ಅಲ್ಲಿ ಅವರ ವಾದ ಇದು: ಸಂಘಗಳಲ್ಲಿ ತೊಡಗಿಕೊಂಡವರು ತೊಡಗದವರಿಗಿಂತ ಕಡಿಮೆ ಸಹಿಷ್ಣುಗಳೇನಲ್ಲ, ಸಮೀಕ್ಷೆಗಳು ಹಾಗೆ ಹೇಳುವುದಿಲ್ಲ. ಸಮೀಕ್ಷೆ ಸರಿಯೇ ಇರಬಹುದು. ಆದರೆ ಲಾಡ್ಜಿಗೆ ಹೊಸಬನನ್ನು ಸೇರಿಸಿಕೊಳ್ಳುತ್ತಿದ್ದದ್ದು ಹೇಗೆ ಎಂದು ನೋಡಿ. ಒಂದು ಪೆಟ್ಟಿಗೆ, ಅದರಲ್ಲಿ ಬಿಳಿ ಮತ್ತು ಕಪ್ಪು ಗುಂಡುಗಳು. ಪ್ರತಿ ಸದಸ್ಯನೂ ಯಾರಿಗೂ ಕಾಣದಂತೆ ಒಂದು ಗುಂಡು ಹಾಕಬೇಕು. ಬಿಳಿ ಎಂದರೆ ಒಪ್ಪಿಗೆ. ಎಷ್ಟೋ ಲಾಡ್ಜುಗಳಲ್ಲಿ ಒಂದೇ ಒಂದು ಕಪ್ಪು ಗುಂಡು ಬಿದ್ದರೆ ಅರ್ಜಿ ತಿರಸ್ಕೃತ. ಹಾಕಿದವನು ಯಾರೆಂದು ಕೇಳುವಂತಿಲ್ಲ, ಕಾರಣ ಕೊಡಬೇಕಿಲ್ಲ. ಅಂದರೆ ಅಲ್ಲಿ ಸದಸ್ಯರ ಸರಾಸರಿ ಸಹಿಷ್ಣುತೆಗೆ ಬೆಲೆಯಿಲ್ಲ. ಐವತ್ತು ಜನರಲ್ಲಿ ನಲವತ್ತೊಂಬತ್ತು ಮಂದಿ ಉದಾರಿಗಳಾಗಿದ್ದರೂ ಬಾಗಿಲು ಎಷ್ಟು ತೆರೆಯಬೇಕೆಂದು ತೀರ್ಮಾನಿಸುವವನು ಐವತ್ತನೆಯವನು.

ಇದಕ್ಕೂ ಮೊದಲೇ ಇನ್ನೊಂದು ಬೀಗವಿತ್ತು. ಎಲ್ಕ್ಸ್, ಮೂಸ್ ಮುಂತಾದ ಸಂಘಗಳ ನಿಯಮಾವಳಿಯಲ್ಲೇ ಸದಸ್ಯತ್ವ ಬಿಳಿಯರಿಗೆ ಮಾತ್ರ ಎಂದು ಬರೆದಿತ್ತು. 1968ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯದ ರಾಜಧಾನಿ ಹ್ಯಾರಿಸ್‌ಬರ್ಗ್‌ನ ಮೂಸ್ ಲಾಡ್ಜ್ ನಂ. 107ಕ್ಕೆ ಒಬ್ಬ ಬಿಳಿಯ ಸದಸ್ಯ ತನ್ನ ಅತಿಥಿಯನ್ನು ಕರೆದುಕೊಂಡು ಹೋದ. ಅತಿಥಿ ಲೀರಾಯ್ ಅರ್ವಿಸ್, ರಾಜ್ಯದ ಶಾಸನಸಭೆಯ ಸದಸ್ಯರು, ಕಪ್ಪು ಜನಾಂಗದವರು. ಅವರಿಗೆ ಊಟ, ಪಾನೀಯ ಕೊಡಲು ಲಾಡ್ಜ್ ನಿರಾಕರಿಸಿತು. ಸರ್ಕಾರದಿಂದ ಮದ್ಯದ ಪರವಾನಗಿ ಪಡೆದ ಸಂಸ್ಥೆ ಹೀಗೆ ಮಾಡಬಹುದೇ ಎಂದು ಅರ್ವಿಸ್ ನ್ಯಾಯಾಲಯಕ್ಕೆ ಹೋದರು, ಕೆಳಗಿನ ನ್ಯಾಯಾಲಯದಲ್ಲಿ ಗೆದ್ದರು. 1972ರಲ್ಲಿ ಸುಪ್ರೀಂ ಕೋರ್ಟು ಆರಕ್ಕೆ ಮೂರರ ಬಹುಮತದಿಂದ ಆ ತೀರ್ಪನ್ನು ಬದಲಿಸಿತು. ಪರವಾನಗಿ ಕೊಟ್ಟ ಮಾತ್ರಕ್ಕೆ ಖಾಸಗಿ ಸಂಘದ ತಾರತಮ್ಯ ಸರ್ಕಾರದ ತಾರತಮ್ಯವಾಗುವುದಿಲ್ಲ ಎಂದಿತು. ಅರ್ವಿಸ್ ಮುಂದೆ ಅದೇ ಸಭೆಯ ಸ್ಪೀಕರ್ ಆದರು.

ಈ ಘಟನೆಯಲ್ಲಿ ಅರ್ವಿಸ್ ಅವರನ್ನು ಕರೆದುಕೊಂಡು ಹೋದವನು ಯಾರೆಂದು ಗಮನಿಸಬೇಕು. ಅವನು ಲಾಡ್ಜಿನ ಸದಸ್ಯ. ಸಮೀಕ್ಷೆಯವರು ಅವನನ್ನು ಕೇಳಿದ್ದರೆ ಸಹಿಷ್ಣು ಎಂದೇ ಬರೆದುಕೊಳ್ಳುತ್ತಿದ್ದರು. ಆ ಸಹಿಷ್ಣುತೆ ಬಾರಿನ ಮೇಜಿನವರೆಗೂ ಅತಿಥಿಯನ್ನು ತಲುಪಿಸಲಾರದೆ ಹೋಯಿತು. ವ್ಯಕ್ತಿಗಳ ಮನೋಭಾವವನ್ನು ಅಳೆದು ಸಂಸ್ಥೆಯ ಗುಣ ಹೇಳುವುದು ಪಟ್ನಮ್ ಅವರ ವಿಧಾನದ ಮಿತಿ. ಅವರು ಹುಟ್ಟಿ ಬೆಳೆದ ತಲೆಮಾರಿಗೆ, ಒಹಾಯೊದ ಪೋರ್ಟ್ ಕ್ಲಿಂಟನ್ ಎಂಬ ಸಣ್ಣ ಊರಿನ 1959ರ ಹೈಸ್ಕೂಲ್ ತರಗತಿಗೆ, ಅವರು 2015ರ 'ಅವರ್ ಕಿಡ್ಸ್' ಪುಸ್ತಕದಲ್ಲಿ ಮತ್ತೆ ಹೋಗುತ್ತಾರೆ. ಅಲ್ಲಿ ತಮ್ಮ ಇಬ್ಬರು ಕಪ್ಪು ಸಹಪಾಠಿಗಳ ಮಾತನ್ನೂ ದಾಖಲಿಸಿದ್ದಾರೆ. ಎಲ್ಲರೂ ಎಲ್ಲರ ಮಕ್ಕಳನ್ನೂ ತಮ್ಮ ಮಕ್ಕಳೆಂದುಕೊಂಡಿದ್ದ ಆ ಊರು ಅವರಿಬ್ಬರ ನೆನಪಿನಲ್ಲಿ ಬೇರೆಯಾಗಿದೆ. ಪ್ರಾಮಾಣಿಕ ಪುಟಗಳು ಅವು. 'ಬೌಲಿಂಗ್ ಅಲೋನ್'ನ ಶಿಖರಕ್ಕೇರಿ ಇಳಿಯುವ ರೇಖೆಗಳ ಪಕ್ಕದಲ್ಲಿಟ್ಟು ಓದಬೇಕಾದವು.

ಥೀಡಾ ಸ್ಕಾಚ್‌ಪೋಲ್ ಅವರ 'ಡಿಮಿನಿಶ್ಡ್ ಡೆಮಾಕ್ರಸಿ' (2003) ಇನ್ನೊಂದು ದಾರಿ ಹಿಡಿಯುತ್ತದೆ. ಅದರ ಶುರುವಿನಲ್ಲೇ ಮೈನ್ ರಾಜ್ಯದ ಹಳ್ಳಿಯ ಒಂದು ಗೋರಿಕಲ್ಲು ಬರುತ್ತದೆ. ವಿಲಿಯಂ ಡರ್ಗಿನ್ ಎಂಬ ಸಾಮಾನ್ಯನದು. ಲಿಂಕನ್ನರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೊಬ್ಬ. ಕಲ್ಲಿನ ಮೇಲೆ ಅದರ ಜೊತೆಗೇ ಅವನು ರೈತರ ಗ್ರೇಂಜ್ ಮತ್ತು ಆಡ್ ಫೆಲೋಸ್ ಸಂಘಗಳ ಸದಸ್ಯನಾಗಿದ್ದನೆಂದೂ ಕೆತ್ತಿದೆ. ಸ್ಕಾಚ್‌ಪೋಲ್ ಕೇಳುವ ಪ್ರಶ್ನೆ ಒಳ್ಳೆಯದು: ಇವತ್ತು ಯಾರ ಗೋರಿಯ ಮೇಲೆ ಸದಸ್ಯತ್ವವನ್ನು ಕೆತ್ತುತ್ತಾರೆ? ಬ್ಯಾಂಕರನೂ ಕಮ್ಮಾರನೂ ಒಂದೇ ಸಭೆಯಲ್ಲಿ ಕೂರುತ್ತಿದ್ದ ಸಂಘಗಳು ಹೋಗಿ, ರಾಜಧಾನಿಯಲ್ಲಿ ಕೂತ ಸಂಬಳದ ತಜ್ಞರು ಚಂದಾ ಎತ್ತಿ ನಡೆಸುವ ಸಂಸ್ಥೆಗಳು ಬಂದವು, ಓದಿದವರು ತಮ್ಮ ಊರಿನ ಕಮ್ಮಾರನ ಪಕ್ಕದಿಂದ ಎದ್ದು ಹೋದರು ಎನ್ನುತ್ತಾರೆ ಅವರು. ಬಿಳಿಯರು ಮಾತ್ರ ಎಂಬ ನಿಯಮವನ್ನು ಅವರು ಮುಚ್ಚಿಡುವುದಿಲ್ಲ. ಅರವತ್ತರ ದಶಕದ ತರುಣರಿಗೆ ಲಾಡ್ಜು ಹೇಸಿಗೆಯಾಗಲು ಅದೂ ಕಾರಣ ಎಂದು ಒಪ್ಪುತ್ತಾರೆ. ಆದರೂ ಅವರಿಗದು ಒಳ್ಳೆಯ ಕಟ್ಟಡದ ಮೇಲಿನ ಒಂದು ಕಲೆ, ಒರೆಸಬಹುದಾದದ್ದು.

ಒರೆಸಲು ಬರುತ್ತಿತ್ತೇ? ಎಲ್ಕ್ಸ್ ಬಿಳಿಯರ ನಿಯಮವನ್ನು 1973ರಲ್ಲಿ ಬಿಟ್ಟಿತು, ಹೆಂಗಸರಿಗೆ ಸದಸ್ಯತ್ವ ಕೊಟ್ಟದ್ದು 1995ರಲ್ಲಿ. ಅಷ್ಟರಲ್ಲಿ ಕೇಳುವವರು ಕಡಿಮೆಯಾಗಿದ್ದರು. ಲಾಡ್ಜಿನ ಒಳಗಿನ ನಂಬಿಕೆ ನಿಂತಿದ್ದದ್ದೇ 'ಇವನು ನಮ್ಮವನು' ಎಂಬ ಖಾತರಿಯ ಮೇಲೆ. ಅವನ ಕಾಯಿಲೆ ನಿಜವೇ ಎಂದು ನೋಡಿ ಬರಬಹುದು, ಯಾಕೆಂದರೆ ಅವನ ಬೀದಿ, ಚರ್ಚು, ಮಾವನ ಮನೆ ಎಲ್ಲ ಗೊತ್ತು. ಗುರುತಿನ ಕೈಕುಲುಕಿಗೆ ಬೆಲೆ ಬರುವುದು ಅದು ಎಲ್ಲರಿಗೂ ಗೊತ್ತಿಲ್ಲದಿದ್ದಾಗ. ಬೆಚ್ಚಗಿನ ಕೋಣೆ ಬೇಕೆಂದು ಬಾಗಿಲು ಮುಚ್ಚಿದ್ದರು.

ಹಾಗಾದರೆ ಸಂಘ ಕಟ್ಟುವುದೇ ತಪ್ಪೇ? ಬೀಟೊ ಪುಸ್ತಕದ ಅತ್ಯುತ್ತಮ ಭಾಗ ಇದಕ್ಕೆ ಉತ್ತರದಂತಿದೆ. ಮಿಸಿಸಿಪಿಯ ಮೌಂಡ್ ಬಾಯೂ, ಗುಲಾಮಗಿರಿಯಿಂದ ಬಿಡುಗಡೆಯಾದವರು 1887ರಲ್ಲಿ ಕಟ್ಟಿಕೊಂಡ ಸಣ್ಣ ಊರು. ಅಲ್ಲಿ 1942ರಲ್ಲಿ 'ನೈಟ್ಸ್ ಅಂಡ್ ಡಾಟರ್ಸ್ ಆಫ್ ಟೇಬರ್' ಎಂಬ ಕಪ್ಪು ಜನರ ಸೋದರ ಸಂಘ ಒಂದು ಆಸ್ಪತ್ರೆ ತೆರೆಯಿತು. ಸದಸ್ಯರು ಬಹುಪಾಲು ಹತ್ತಿ ಹೊಲದಲ್ಲಿ ಪಾಲಿಗೆ ದುಡಿಯುವವರು. ವರ್ಷಕ್ಕೆ ಎಂಟು ಡಾಲರ್ ಚಿಲ್ಲರೆ ಕಟ್ಟಿದರೆ 31 ದಿನಗಳ ಆಸ್ಪತ್ರೆವಾಸ, ಶಸ್ತ್ರಚಿಕಿತ್ಸೆಯೂ ಸೇರಿ. ಸಂಘದ ಹೆಸರಿನಲ್ಲೇ 'ಡಾಟರ್ಸ್' ಇದೆ, ಹೆಂಗಸರು ಇಲ್ಲಿ ಸದಸ್ಯರೇ. ಮೊದಲ ಮುಖ್ಯ ಶಸ್ತ್ರವೈದ್ಯ ಟಿ.ಆರ್.ಎಂ. ಹೊವರ್ಡ್ ಮುಂದೆ ಮಿಸಿಸಿಪಿಯ ನಾಗರಿಕ ಹಕ್ಕುಗಳ ಹೋರಾಟದ ದೊಡ್ಡ ಹೆಸರಾದರು. ಅಲ್ಲಿಗೆ ಬಂದವರು ನೆನಪಿಟ್ಟುಕೊಂಡ ಸಂಗತಿಯೊಂದಿದೆ: ಆ ಆಸ್ಪತ್ರೆಗೆ ಅವರು ಮುಂಬಾಗಿಲಿನಿಂದ ಹೋಗಬಹುದಿತ್ತು. ಬೇರೆ ಕಡೆ ಅವರಿಗೆ ಪಕ್ಕದ ಬಾಗಿಲು. 1967ರಲ್ಲಿ ಅದು ಸಂಘದ ಕೈಬಿಟ್ಟಿತು.

ಟೇಬರ್ ಸಂಘದಲ್ಲೂ ದೀಕ್ಷೆಯಿತ್ತು, ಬಿರುದುಗಳಿದ್ದವು, ಚಂದಾ ಕಟ್ಟದವರು ಹೊರಗೇ. ಯಂತ್ರ ಅದೇ. ಆದರೆ ಅದನ್ನು ಕಟ್ಟಿದವರು ಬೇರೆಲ್ಲ ಬಾಗಿಲುಗಳ ಹೊರಗೆ ನಿಂತು ಗೊತ್ತಿದ್ದವರು. ಲೂಯಿಸ್ ಈ ಊರಿಗೆ ಬಂದಿದ್ದರೆ ಟೊಪ್ಪಿಗೆ ನೋಡಿ ನಗುತ್ತಿದ್ದರೋ ಏನೋ. ಸದಸ್ಯರ ಎಣಿಕೆಯಲ್ಲಿ ಇದೂ ಹ್ಯಾರಿಸ್‌ಬರ್ಗ್‌ನದೂ ಒಂದೊಂದು ಲಾಡ್ಜು, ಅಷ್ಟೇ. ಎಣಿಕೆ ಹೇಳಲಾರದ ವ್ಯತ್ಯಾಸ ಇದು.

ನಮ್ಮ ತಾಲ್ಲೂಕು ಊರುಗಳ ಪ್ರವೇಶದಲ್ಲಿ ಸ್ವಾಗತ ಕೋರುವ ರೋಟರಿ ಚಕ್ರವೂ ಇದೇ ವಂಶದ್ದು. ಅದನ್ನು ಶುರುಮಾಡಿದ ಪಾಲ್ ಹ್ಯಾರಿಸ್ ವರ್ಮಾಂಟ್‌ನ ಸಣ್ಣ ಊರಿನಲ್ಲಿ ಬೆಳೆದ ವಕೀಲ. ಷಿಕಾಗೊಗೆ ಬಂದು ಒಂಟಿಯಾದ, ಊರಿನ ಸ್ನೇಹ ಬೇಕೆಂದು 1905ರಲ್ಲಿ ಕೆಲವರನ್ನು ಸೇರಿಸಿದ. ವಲಸಿಗನ ಕ್ಲಬ್ಬು ಅದು, ನಮ್ಮ ಹಾಗೆ ಬಂದವನದು. ಆದರೂ ಅದು ಹೆಂಗಸರಿಗೆ ಬಾಗಿಲು ತೆರೆಯಲು 1987ರ ಸುಪ್ರೀಂ ಕೋರ್ಟು ತೀರ್ಪು ಬೇಕಾಯಿತು. ತಾನು ಹೊರಗಿನವನಾಗಿದ್ದ ನೆನಪು ಬಾಗಿಲು ತೆರೆದಿಡಲು ತಾನಾಗಿಯೇ ಸಾಕಾಗುವುದಿಲ್ಲ.

ಮುಂಬೈ, ಪುಣೆ, ದೆಹಲಿಗಳ ನಮ್ಮ ಸಂಘಗಳಲ್ಲಿ ಕಪ್ಪು ಗುಂಡಿನ ಪೆಟ್ಟಿಗೆ ಇಲ್ಲ. ರಾಜ್ಯೋತ್ಸವದ ಊಟಕ್ಕೆ ಯಾರು ಬಡಿಸುತ್ತಾರೆ, ಯಾರ ಕನ್ನಡಕ್ಕೆ ಮೆಲ್ಲಗೆ ನಗುತ್ತೇವೆ, ವಾಟ್ಸಾಪ್ ಗುಂಪಿಗೆ ಯಾರ ನಂಬರ್ ಸೇರಿಸಲು ಮರೆಯುತ್ತೇವೆ ಎಂಬುದು ಮಾತ್ರ ಇದೆ. ಆಸ್ಪತ್ರೆಯ ಆ ಕಾಲಂನಲ್ಲಿ ಬರೆಯಲು ಈಗ ನನಗೆ ಸಂಘದ ಒಬ್ಬರ ಹೆಸರಿದೆ. ಅದೇ ಊರಿನಲ್ಲಿ, ಅದೇ ಭಾಷೆಯಾಡುತ್ತ, ಕಟ್ಟಡದ ಕೆಲಸಕ್ಕೆ ಬಂದಿರುವ ರಾಯಚೂರು, ಯಾದಗಿರಿ ಕಡೆಯವರು ನನ್ನ ಹೆಸರನ್ನು ಬರೆಯಬಲ್ಲರೇ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಅವರ ನಂಬರ್ ನಮ್ಮ ಪಟ್ಟಿಯಲ್ಲಿಲ್ಲ.